ಹೊರಟ ಚುಕ್ಕಿಗೆ

ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಮನೆಬಾಗಿಲಿಗೆ ನೀರು ಹಾಕಿ ಎಳೆ ರಂಗೋಲಿ ಬಿಡುತ್ತಿದ್ದೆ. “ಎಷ್ಟು ಸುತ್ತಿದ್ರೂ ಎಳೆ ಹೊರಟ ಚುಕ್ಕಿಗೇ ಬಂದು ಸೇರ್ಬೇಕು ಕಣೆ,” ಎಂದು ನನಗದನ್ನು ಕೈಹಿಡಿದು ಕಲಿಸಿದ ಅತ್ತೆ ಅಂಬುಜಮ್ಮ ಹೋದ ವರ್ಷ ತೀರಿಕೊಂಡರು.

ಹಾಲು ಉಕ್ಕಿ ಸೀದ ವಾಸನೆ ಬಂತು. ರಂಗೋಲಿ ಅರ್ಧಕ್ಕೇ ಬಿಟ್ಟು ಒಳಗೆ ಓಡಿದೆ. ಒಲೆ ಹಚ್ಚಿಯೇ ಇರಲಿಲ್ಲ.

ಮರಳಿ ಬಂದಾಗ ಎಳೆ ಕೂಡಿತ್ತು. ಕೊನೆಯ ಸುತ್ತು ಮಾತ್ರ ಅತ್ತೆಯ ಕೈಯಂತೆಯೇ ನಡುಗಿತ್ತು. ಒದ್ದೆ ನೆಲದಲ್ಲಿ ನನ್ನದಲ್ಲದೆ ಬೇರೆ ಹೆಜ್ಜೆಯಿರಲಿಲ್ಲ. ಬಿಸಿಲು ಬಿದ್ದ ಹೊಸ್ತಿಲು ಕೊರೆಯುವಷ್ಟು ತಣ್ಣಗಿತ್ತು. ಹೆದರಬೇಕಿತ್ತು, ಕಣ್ತುಂಬಿ ಬಂದು ಕೈ ಮುಗಿದೆ.

ಅಜ್ಜಿ ಹೋದ ಮೇಲೆ ಅವರ ಹೆಸರನ್ನೇ ಎತ್ತದಿದ್ದ ಮಗಳು ಹಂಸ ಪಕ್ಕದಲ್ಲಿ ಕೂತು ಆ ಸುತ್ತನ್ನೇ ನೋಡಿದಳು.

“ಅಮ್ಮ, ನಾಳೆನೂ ಅರ್ಧಕ್ಕೇ ಬಿಟ್ರೆ ಅಜ್ಜಿ ಬರ್ತಾರಾ?”