ಮೂಕವಾದ ನಾಲ್ಕು ಸ್ವರಗಳು

ಅಂಚೆಯವನು ಅಕಾರ್ಡಿಯನ್ನನ್ನು ಎದೆಗೇರಿಸಿಕೊಂಡು ತಿದಿ ಎಳೆದ. ಹಾಡು ಬರಲಿಲ್ಲ, ಕೆಮ್ಮು ಬಂತು.

ಇನ್ನೊಮ್ಮೆ ಎಳೆದ. ನಾಲ್ಕು ಸ್ವರಗಳು ಎಷ್ಟು ಒತ್ತಿದರೂ ತುಟಿ ಪಿಟಕ್ಕೆನ್ನಲಿಲ್ಲ. ಒಳಗೇನೋ ಗಲಗಲ ಸದ್ದು.

“ಬೆಳಗ್ಗೆ ಸರಿಯಾಗಿತ್ತು. ಯಾರೋ ಕೈ ಹಾಕಿದ್ದಾರೆ! ಯಾರದು?”

ಗಂಟೆ ನಾಲ್ಕಾಗಿತ್ತು. ಆರಕ್ಕೆ ಕಾರ್ಯಕ್ರಮ.

ನಮ್ಮದು ಬಡಾವಣೆಯ ಸಂಗೀತ ಮೇಳ. ದೇಶದೇಶಗಳ ಜನಪದ ಹಾಡುಗಳನ್ನು ಹುಡುಕಿ ತಂದು ಸಮುದಾಯ ಭವನದಲ್ಲಿ ನುಡಿಸುವುದು ನಮ್ಮ ಚಟ. ಪಿಟೀಲು ನುಡಿಸುವ ಹಲ್ಲಿನ ಡಾಕ್ಟರಮ್ಮ ಮೇಳದ ಮುಖ್ಯಸ್ಥೆ. ಕೊಳಲು ಬೇಕರಿಯವನದು. ನಾನು ನಲ್ಲಿ ರಿಪೇರಿಯವನು. ಜರಡಿಯಂಥ ಅಗಲವಾದ ಚರ್ಮದ ಡ್ರಮ್ಮು ನನ್ನದು. ನನ್ನ ಅಕ್ಕನದು ಟ್ರಯಾಂಗಲ್, ಮೂರು ಮೂಲೆಗೆ ಬಗ್ಗಿಸಿದ ಉಕ್ಕಿನ ಸರಳು. ಒಂದು ಹಾಡಿಗೆ ಮೂರು ಸಲ ಟಿಣ್ ಅನ್ನಿಸಿದರೆ ಅವಳ ಕೆಲಸ ಮುಗಿಯಿತು. ಉಳಿದ ಹೊತ್ತೆಲ್ಲ ತಾಳದ ಮಾತ್ರೆ ಎಣಿಸುತ್ತ ಎಲ್ಲರ ಮುಖ ನೋಡುತ್ತ ಕೂರುತ್ತಾಳೆ. ಹಾಗಾಗಿ ಮೇಳದಲ್ಲಿ ಏನು ಕಳೆದರೂ, ಯಾರು ಜಗಳ ಹಚ್ಚಿದರೂ ಪತ್ತೆ ಮಾಡುವವಳು ಅವಳೇ.

ಇನ್ನೊಬ್ಬಳಿದ್ದಳು, ಹೊಸಬಳು. ದೂರದ ದೇಶದಿಂದ ಬಂದು ಇದೇ ಭವನದಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ಮೂರು ತಿಂಗಳ ಹಿಂದೆ ಅವಳು ಒರೆಸುತ್ತಲೇ ಗುನುಗುವುದನ್ನು ಕೇಳಿ ಡಾಕ್ಟರಮ್ಮ ಮೇಳಕ್ಕೆ ಎಳೆತಂದಿದ್ದರು. ಅವಳ ಅಜ್ಜಿಯ ಹಾಡೇ ಅವತ್ತಿನ ಕೊನೆಯ ಹಾಡು. ಅವಳು ವೇದಿಕೆ ಹತ್ತುವುದು ಅದೇ ಮೊದಲು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ನಾನು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ವಾದ್ಯದ ಕೋಣೆಯಿಂದ ಮಧ್ಯಾಹ್ನ ಇವಳು ಹೊರಗೆ ಬರೋದನ್ನ ಕಣ್ಣಾರೆ ನೋಡ್ದೆ.”

ಎಲ್ಲರೂ ಅವಳತ್ತ ತಿರುಗಿದರು.

“ಹೌದು, ಹೋಗಿದ್ದೆ,” ಎಂದಳು ಹೊಸಬಳು. “ಮೂರೂವರೆಗೆ, ನೆಲ ಒರೆಸೋಕೆ. ಒಳಗೆ ಧಗೆ ಅಂದ್ರೆ ಧಗೆ. ಕಿಟಕಿ ತೆಗೆದಿಟ್ಟು ಒರೆಸಿ ಬಂದೆ. ಅಕಾರ್ಡಿಯನ್ ಪೆಟ್ಟಿಗೆ ಮುಟ್ಟಿಲ್ಲ.”

“ಇಂಥ ಥಂಡಿಯಲ್ಲಿ ಧಗೆನಾ? ಸುಳ್ಳಿಗೂ ಒಂದು ಮಿತಿ ಇರ್ಬೇಕಮ್ಮಾ!” ಎಂದೆ.

ಬೇಕರಿಯವನು ಕಿಸಕ್ಕೆಂದ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. “ಹೀಗಾದ್ರೆ ಭವನದ ಮ್ಯಾನೇಜರಿಗೆ ಹೇಳ್ಲೇಬೇಕಾಗುತ್ತೆ.”

ಹೇಳಿದರೆ ಹೊಸಬಳ ಹಾಡಷ್ಟೇ ಅಲ್ಲ, ಕೆಲಸವೂ ಹೋಗುತ್ತಿತ್ತು. ಅವಳು ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು; ಕೈಗಳು ಒಣಗಿಯೇ ಇದ್ದವು.

“ತಡೀರಿ,” ಎಂದಳು ಅಕ್ಕ. ಕುರ್ಚಿ ಎಳೆದುಕೊಂಡು ಬೇಕರಿಯವನ ಎದುರು ಕೂತಳು. “ನಿನ್ನೆ ನೀವೇ ಅಲ್ವಾ ಅಂದಿದ್ದು, ಈ ಪೆಟ್ಟಿಗೆ ಒಂದಿನ ಬಾಯಿ ಮುಚ್ಚಿದ್ರೆ ನನ್ನ ಕೊಳಲು ಜನರಿಗೆ ಕೇಳುತ್ತೆ ಅಂತ?”

ಬೇಕರಿಯವನ ನಗು ಹಾರಿಹೋಯಿತು. “ಅಯ್ಯೋ, ತಮಾಷೆಗೆ ಅಂದಿದ್ದು ಕಣಕ್ಕಾ! ಎರಡು ಗಂಟೆಯಿಂದ ಓವನ್ ಮುಂದೆ ಬೆಂದು ಈಗ ಬರ್ತಿದೀನಿ. ಉಗುರಲ್ಲಿ ಹಿಟ್ಟು ನೋಡಿ!”

ಹಿಟ್ಟು ಇತ್ತು.

“ನೀನೆಲ್ಲಿದ್ದೆ?” ಎಂದು ನನ್ನನ್ನು ಕೇಳಿದಳು.

“ಟೀ ಕುಡಿಯೋಕೆ ಹೋಗಿದ್ದೆ.”

“ಎಷ್ಟೊತ್ತು?”

“ಹತ್ತು ನಿಮಿಷ.”

ಅಕ್ಕ ನನ್ನನ್ನು ಒಂದು ಮಾತ್ರೆ ಹೆಚ್ಚೇ ನೋಡಿದಳು. ಆಮೇಲೆ ಅಂಚೆಯವನತ್ತ ತಿರುಗಿದಳು. “ಬಿಚ್ಚು ಅದನ್ನ.”

“ನಮ್ಮ ಮಾವನ ಕಾಲದ್ದು ಇದು! ಬಿಚ್ಚೋದಿರಲಿ, ಒರೆಸೋಕೂ ಹೆದರ್ತೀನಿ ನಾನು!”

ಕೊನೆಗೆ ಡಾಕ್ಟರಮ್ಮನೇ ಕೈಚೀಲದಿಂದ ಹಲ್ಲು ಕೀಳುವ ಸಾಮಾನು ತೆಗೆದು, ರೋಗಿಯ ಬಾಯಿ ತೆರೆಯುವಷ್ಟೇ ಹುಷಾರಾಗಿ ತಿದಿಯ ಮೊಳೆಗಳನ್ನು ಎಳೆದರು. ತಳದಲ್ಲಿ ನಾಲ್ಕು ಲೋಹದ ಪಟ್ಟಿಗಳು ಬಿದ್ದಿದ್ದವು. ಪ್ರತಿ ಸ್ವರಕ್ಕೂ ಅಂಥದೊಂದು ಪಟ್ಟಿ, ಮರದ ಮೇಲೆ ಮೇಣದಲ್ಲಿ ಕೂರಿಸಿದ್ದು.

“ಕಿತ್ತಿದ್ದಾರಾ?” ಎಂದ ಅಂಚೆಯವನು.

ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ಇಣುಕಿದರು. “ಇಲ್ಲಪ್ಪ. ಹಲ್ಲಿನ ಅಚ್ಚು ತೆಗೆಯೋಕೆ ದಿನಾ ಮೇಣದ ಜೊತೆ ಗುದ್ದಾಡೋಳು ನಾನು. ಕೆರೆದಿದ್ರೆ ಗೀರು ಇರ್ತಿತ್ತು. ಇದು ಕರಗಿ ಇಳಿದು ಮತ್ತೆ ಗಟ್ಟಿಯಾಗಿದೆ. ಅದೂ ಒಂದೇ ಪಕ್ಕ.”

ನನ್ನ ಕಣ್ಣು ಡ್ರಮ್ಮಿನ ಕಡೆ ಹೋಯಿತು.

“ಹಂಗಾದ್ರೆ ಧಗೆ ಇತ್ತು ಅಂತ ಈಕೆ ಹೇಳಿದ್ದು ನಿಜ,” ಎಂದಳು ಅಕ್ಕ. ಎದ್ದು ನಿಂತು ಗೋಡೆ ನೋಡುತ್ತ ಮುಂದುವರಿಸಿದಳು. “ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿ. ಮರೆವಿಂದ ಆಗಿದ್ರೆ ಇಲ್ಲಿಗೇ ಮುಗಿಯುತ್ತೆ.”

ಆ ಮಾತು ಯಾರಿಗೆ ಹೇಳಿದ್ದೆಂದು ನನಗೆ ತಿಳಿಯಿತು. ನಾನು ಬಗ್ಗಿ ಷೂ ದಾರ ಕಟ್ಟಿಕೊಂಡೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ.

“ತಮ್ಮಾ,” ಎಂದಳು. “ಡ್ರಮ್ಮು ಬಾರಿಸು.”

“ಈಗ್ಯಾಕಕ್ಕಾ?”

“ಬಾರಿಸು ಅಂದೆ.”

ಬಾರಿಸಿದೆ. ಢಣ್! ಸಭಾಂಗಣದ ಕೊನೆಯವರೆಗೂ ಹೋಯಿತು ಆ ನಾದ.

“ಕೇಳಿದ್ರಾ? ಇದನ್ನ ಇವನು ಮೂರೂಮುಕ್ಕಾಲಿಗೂ ಬಾರಿಸಿದ್ದ. ಇಲ್ಲಿದ್ದವರ ಕಿವಿಗೆಲ್ಲ ಬಿದ್ದಿತ್ತು, ಯಾರಿಗೂ ಏನೂ ಅನ್ನಿಸ್ಲಿಲ್ಲ. ಬೆಳಗ್ಗೆ ಹೆಂಗಿತ್ತು ನೆನಪು ಮಾಡ್ಕೊಳ್ಳಿ. ಈ ತೇವದ ಹವೆಗೆ ಚರ್ಮ ಜೋತುಬಿದ್ದು, ಒದ್ದೆ ಗೋಣಿಚೀಲ ಬಡಿದ ಹಾಗೆ ಧೊಪ್ ಧೊಪ್ ಅಂತಿತ್ತು. ನಾನೇ ಬೈದಿದ್ದೆ. ಜೋತುಬಿದ್ದ ಚರ್ಮ ತಾನಾಗಿ ಬಿಗಿಯಾಗಲ್ಲ. ಕಾಯಿಸ್ಬೇಕು.”

“ಹೀಟರು!” ಎಂದ ಬೇಕರಿಯವನು.

“ಕಾರಿಡಾರಿನ ಬೀರುವಿನಲ್ಲಿರುತ್ತಲ್ಲ, ಅದೇ. ಡ್ರಮ್ಮನ್ನ ಅಕಾರ್ಡಿಯನ್ ಪಕ್ಕ ಒರಗಿಸಿ, ಮುಂದೆ ಹೀಟರ್ ಹಚ್ಚಿ, ಟೀ ಕುಡಿಯೋಕೆ ಹೋಗಿದ್ದಾನೆ. ಹತ್ತು ನಿಮಿಷಕ್ಕೆ ಚರ್ಮ ಬೆಚ್ಚಗಾಗುತ್ತೆ ಅಷ್ಟೆ, ಮೇಣ ಕರಗೋಕೆ ಗಂಟೆ ಬೇಕು. ಬಂದು ನೋಡಿ, ಹೀಟರನ್ನ ಬೀರುವಿನಲ್ಲಿ ಬಚ್ಚಿಟ್ಟು ಬಂದಿದ್ದಾನೆ. ಆಮೇಲೆ ಈಕೆ ಒಳಗೆ ಹೋದ್ಲು. ಅಕಾರ್ಡಿಯನ್ ಕೆಡಿಸಿದ್ದು ನನ್ನ ತಮ್ಮ.”

ಅವಳ ದನಿ ಕೊನೆಗೆ ಒಡೆಯಿತು. ಅಕ್ಕ ಅಳುವುದನ್ನು ನಾನು ಅಷ್ಟಾಗಿ ನೋಡಿದವನಲ್ಲ.

“ಬಚ್ಚಿಡ್ಲಿಲ್ಲಕ್ಕಾ,” ಎಂದೆ. “ತೆಗೆದ ಜಾಗದಲ್ಲೇ ಇಟ್ಟೆ. ಟೀ ಅಂಗಡಿಯವರು ಪೈಪ್ ಸೋರ್ತಿದೆ ನೋಡು ಅಂದ್ರು. ಒಂದೂಕಾಲು ಗಂಟೆ ಆಗಿಹೋಯ್ತು. ಪೆಟ್ಟಿಗೆ ಕೆಟ್ಟಿದೆ ಅಂತ ನಿಜವಾಗ್ಲೂ ಗೊತ್ತಿರ್ಲಿಲ್ಲ.”

ಅಂಚೆಯವನು ಮಾವನ ಅಕಾರ್ಡಿಯನ್ನಿಗೆ ಬಟ್ಟೆ ಹೊದಿಸುತ್ತಿದ್ದ. ತಲೆ ಎತ್ತಲಿಲ್ಲ. ಹೊಸಬಳು ನನ್ನ ಎದುರು ಬಂದು ನಿಂತಳು.

“ಒಳಗೆ ಧಗೆ ಇತ್ತು ಅಂದಾಗ? ನಾನು ಹೇಳ್ತಿರೋದು ನಿಜ ಅಂತ ನಿಮಗೆ ಗೊತ್ತಿತ್ತಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಕೋಣೆಯ ಬಿಸಿ ನನ್ನ ಮುಖಕ್ಕೂ ರಾಚಿತ್ತಲ್ಲ!

“ಗೊತ್ತಿತ್ತು.”

“ಗೊತ್ತಿದ್ದೂ ನನ್ನನ್ನ ಸುಳ್ಳಿ ಅಂದ್ರಿ.”

“ತಪ್ಪಾಯ್ತು. ನಿಮ್ಮ ಕಾಲು ಹಿಡೀತೀನಿ...”

“ಕಾಲು ಬಿಡಿ. ಹೀಟರ್ ಮರೆತಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರು ಬೇಕಾದ್ರೂ ಮರೀತಾರೆ.” ಅವಳು ಏಪ್ರನ್ ಬಿಚ್ಚಿ ಮಡಿಚಿದಳು. “ಇವತ್ತು ಹಾಡ್ತೀನಿ, ಅಕಾರ್ಡಿಯನ್ ಇಲ್ದಿದ್ರೂ ಹಾಡ್ತೀನಿ. ನಿಮ್ಮ ತಾಳಕ್ಕೆ ಮಾತ್ರ ಹಾಡಲ್ಲ.”

ಯಾರೂ ನನ್ನ ಪರ ನಿಲ್ಲಲಿಲ್ಲ. ಅಕ್ಕನೂ ನಿಲ್ಲಲಿಲ್ಲ. ನಿಂತಿದ್ದರೆ ಇನ್ನೂ ಕುಗ್ಗಿಹೋಗುತ್ತಿದ್ದೆ.

ಆರು ಗಂಟೆಗೆ ನಾನು ಪ್ರೇಕ್ಷಕರ ಕೊನೆಯ ಸಾಲಿನಲ್ಲಿ ಕೂತಿದ್ದೆ. ಕೊನೆಯ ಹಾಡಿಗೆ ಹೊಸಬಳು ಒಬ್ಬಳೇ ಮುಂದೆ ಬಂದಳು. ಮೊದಲ ಸಾಲಿಗೆ ಗಂಟಲು ನಡುಗಿತು, ಎರಡನೆಯದಕ್ಕೆ ನಡುಗಲಿಲ್ಲ. ಮಾತು ಯಾರಿಗೂ ಅರ್ಥವಾಗದಿದ್ದರೂ ಸಭಾಂಗಣದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ನನ್ನ ಬೆರಳು ತಮ್ಮಷ್ಟಕ್ಕೆ ತೊಡೆಯ ಮೇಲೆ ತಾಳ ಹಿಡಿದವು. ಎರಡೂ ಕೈಗಳನ್ನು ತೊಡೆಯಡಿ ಹಾಕಿ ಅವುಗಳ ಮೇಲೆ ಕೂತೆ.

ಹಾಡು ಮುಗಿದು ಜನ ಎದ್ದು ನಿಂತಾಗ, ಮಗು ಎತ್ತಿಕೊಂಡಿದ್ದ ಪಕ್ಕದ ಹೆಂಗಸು ನನ್ನ ಗುರುತು ಹಿಡಿದಳು.

“ಡ್ರಮ್ಮಿನವರು ನೀವಲ್ವಾ? ಯಾಕೆ ಇಲ್ಲಿ ಕೂತಿದ್ದೀರಿ? ಹುಷಾರಿಲ್ವಾ?”

ಹುಷಾರಿಲ್ಲ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

“ಹುಷಾರಾಗಿದ್ದೀನಮ್ಮ,” ಎಂದೆ. “ನಾನು ಮಾಡಿದ ತಪ್ಪನ್ನ ಆ ಹಾಡಿದವರ ತಲೆಗೆ ಕಟ್ಟೋಕೆ ಹೋಗಿದ್ದೆ.”

ಆಕೆ ಮಗುವನ್ನು ನನ್ನ ಕಡೆಯಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ವೇದಿಕೆಯತ್ತ ತಿರುಗಿ ಮತ್ತೆ ಚಪ್ಪಾಳೆ ತಟ್ಟತೊಡಗಿದಳು.