ಯಾರ ಹವಳ ಯಾವ ಮಗುವಿನದು

ಕಡಲಿಗೆ ಇನ್ನೂ ಯಾರೂ ಹೆಸರಿಡದ ಕಾಲ. ಆ ಕಡಲ ನಡುವೆ ಮಣಿದ್ವೀಪ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಮಗು ಹುಟ್ಟಿದರೆ ಅದರ ಹೊಕ್ಕುಳಬಳ್ಳಿಯನ್ನು ನೀರಡಿಯ ಹವಳದ ಕೊಂಬೆಗೆ ಕಟ್ಟಿ ಬರುವುದು ಪದ್ಧತಿ. ಅಂದಿನಿಂದ ಆ ಕೊಂಬೆಯಲ್ಲೇ ಮಗುವಿನ ಉಸಿರು.

ಒಂದು ದಿನ ಮಾಂತ್ರಿಕ ವಕ್ರಕೇತುವಿನ ಹಡಗು ಬಂತು. ದಾರಿ ಬಿಡು ಎಂದು ಕಡಲಿಗೇ ಅಪ್ಪಣೆ ಮಾಡುವಷ್ಟು ಜಂಬ ಅವನಿಗೆ! ಹಡಗು ಹವಳದ ದಿಬ್ಬಕ್ಕೆ ಡಿಕ್ಕಿ ಹೊಡೆದು, ಕೊಂಬೆಗಳನ್ನೆಲ್ಲ ಮುರಿದು ಅಲ್ಲೇ ಸಿಕ್ಕಿಬಿತ್ತು. ಅದೇ ಗಳಿಗೆಗೆ ದ್ವೀಪದ ಮಕ್ಕಳೆಲ್ಲ ಆಡುತ್ತಿದ್ದಲ್ಲೇ ಕುಸಿದವು. ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ.

ಮಂಕಾಳಿಗೆ ಇದ್ದದ್ದು ಒಂದೇ ಕೂಸು, ಚಿಂಗಿ. ಅದೂ ಮಲಗಿತು. ಮಂಕಾಳಿ ಓಡಿ ನೀರಿಗೆ ಹಾರಿದಳು. ಉಳಿದ ತಾಯಂದಿರೂ ಹಾರಿದರು. ನನ್ನದೆಲ್ಲಿ, ನನ್ನದೆಲ್ಲಿ ಎಂದು ತಡಕಾಡಿದ್ದೇ ತಡಕಾಡಿದ್ದು. ತಮ್ಮದಲ್ಲ ಅನಿಸಿದ್ದನ್ನು ಅತ್ತ ಎಸೆದರು, ತುಳಿದರು. ಕೊಂಬೆಗಳು ಬಿಳಚಿಕೊಳ್ಳತೊಡಗಿದವು.

ಮಂಕಾಳಿಗೆ ಒಂದು ಕೆಂಪು ಕೊಂಬೆ ಸಿಕ್ಕಿತು. ಚಿಂಗಿಯದೇ ಎಂದುಕೊಂಡಳು. ಮರಳಲ್ಲಿ ನೆಟ್ಟಳು, ಅಲೆ ಕಿತ್ತುಕೊಂಡು ಹೋಯಿತು. ಬೆನ್ನಟ್ಟಿ ತಂದು ಸೆರಗು ಹರಿದು ಬಂಡೆಗೆ ಕಟ್ಟಿದಳು, ಮಾಂತ್ರಿಕ ಹಡಗಿನಿಂದ ಬಿಟ್ಟ ಏಡಿಯೊಂದು ಬಂದು ಕತ್ತರಿಸಿತು. ಮನೆಯ ಗೋಡೆಗೆಂದು ಕಲಸಿಟ್ಟಿದ್ದ ಸುಣ್ಣ-ಬೆಲ್ಲದ ಗಾರೆಯನ್ನು ಮಡಕೆಯಲ್ಲಿ ತಂದು ಮೆತ್ತಿದಳು. ಅಂತೂ ನಿಂತಿತು. ದಡಕ್ಕೆ ಓಡಿ ನೋಡಿದರೆ ಎದ್ದು ಕೂತದ್ದು ಚಿಂಗಿಯಲ್ಲ, ಪಕ್ಕದ ಮನೆ ಬೊಮ್ಮಕ್ಕನ ಮಗ.

ಮಂಕಾಳಿಗೆ ಅಳು ಬಂತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ? ಮಡಕೆ ಹಿಡಿದು ಮತ್ತೆ ನೀರಿಗಿಳಿದಾಗ ವಕ್ರಕೇತು ಹಡಗಿನಿಂದ ಬಗ್ಗಿ ಹೊಳೆಯುವ ಕೊಂಬೆಯೊಂದನ್ನು ತೋರಿಸಿದ.

“ನಿನ್ನ ಮಗಳದು ಇದು. ಎದೆಗಿಟ್ಟರೆ ಏಳುತ್ತಾಳೆ. ಆ ಗಾರೆಯ ಮಡಕೆ ಇಲ್ಲಿ ಕೊಟ್ಟು ಹೋಗು. ಉಳಿದ ಕೊಂಬೆಗಳನ್ನು ಸರ ಮಾಡಿ ಹಾಕಿಕೊಂಡರೆ ನನಗೆ ಸಾವೇ ಇಲ್ಲ.”

ಮಂಕಾಳಿಯ ಕೈ ಮುಂದೆ ಹೋಯಿತು. ಅಷ್ಟರಲ್ಲಿ ದಡದಲ್ಲಿ ಬೊಮ್ಮಕ್ಕ ಮಗನನ್ನು ಅವುಚಿಕೊಂಡು ಬಿಕ್ಕುವುದು ಕೇಳಿಸಿತು. ಆ ಸುಖ ಉಳಿದವರಿಗೆ ಬೇಡವೇ? ಕೈ ಹಿಂದೆ ಬಂತು.

“ಯಾರದು ಅಂತ ನೋಡಬೇಡಿ, ಅಕ್ಕಂದಿರೇ. ಕೈಗೆ ಸಿಕ್ಕಿದ್ದನ್ನು ನೆಡಿ,” ಎಂದಳು.

ಎಲ್ಲರೂ ಮನೆಮನೆಯ ಗಾರೆ ತಂದು ನೆಟ್ಟರು. ಒಂದು ಕೊಂಬೆ ನಿಂತರೆ ಒಂದು ಮಗು ಏಳುತ್ತಿತ್ತು, ಹಡಗಿನ ಒಂದು ಹಲಗೆ ಉಪ್ಪಾಗಿ ಕರಗುತ್ತಿತ್ತು. ಕೊನೆಗೆ ವಕ್ರಕೇತುವೂ ಕರಗಿದ. ಅವನು ತೋರಿಸಿದ್ದ ಕೊಂಬೆ ನೀರಲ್ಲಿ ತೇಲಿತು, ನೋಡಿದರೆ ಬಣ್ಣ ಬಳಿದ ಕಟ್ಟಿಗೆ!

ಚಿಂಗಿ ಮಾತ್ರ ಎದ್ದಿರಲಿಲ್ಲ. ಆದರೆ ಮಗನನ್ನು ದಡದಲ್ಲಿ ಬಿಟ್ಟು ಮತ್ತೆ ನೀರಿಗಿಳಿದಿದ್ದ ಬೊಮ್ಮಕ್ಕ ಇನ್ನೂ ಮೇಲೆ ಬಂದಿರಲಿಲ್ಲ. ಹಡಗು ನಿಂತಿದ್ದ ಜಾಗದ ಮರಳನ್ನು ಬಗೆದು ಬಗೆದು ಬೆರಳಷ್ಟು ಚೂರೊಂದನ್ನು ತೆಗೆದು ಮೆತ್ತಿದಳು.

ದಡದಲ್ಲಿ ಚಿಂಗಿ ಕಣ್ಣುಜ್ಜುತ್ತ, ಹಸಿವು ಎಂದಳು.

ಆಮೇಲೆ ಆ ದ್ವೀಪದಲ್ಲಿ ಎಲ್ಲರೂ ನೂರ್ಕಾಲ ಸುಖವಾಗಿದ್ದರು. ಅವತ್ತು ಮಾತ್ರ ಮಕ್ಕಳು ಎಷ್ಟು ತೂಕಡಿಸಿದರೂ ಯಾವ ತಾಯಿಯೂ ಮಲಗಲು ಬಿಡಲಿಲ್ಲ.