ಲೇಬಲ್ ಇಲ್ಲದ ಮೂರು ಸೀಸೆ

ಇದನ್ನು ಬರೆಯುವ ಯೋಗ್ಯತೆ ನನಗಿಲ್ಲ. ಸಂಜೆ ತರಗತಿಯಲ್ಲಿ ಕಲಿತವನು, ತಪ್ಪಿದ್ದರೆ ಕ್ಷಮಿಸಿ. ಆದರೆ ಬೀಗದಜ್ಜ ಈ ಗಂಟು ಬಿಡಿಸುವಾಗ ಪಕ್ಕದಲ್ಲಿದ್ದವನು ನಾನೇ. ಅಜ್ಜ ಬೀಗ ರಿಪೇರಿಯವರು, ಅವರ ಅಂಗಡಿಯ ಮೇಲಿನ ಕೋಣೆ ನನ್ನದು.

ನಮ್ಮ ಇಂಗ್ಲಿಷ್ ಟೀಚರ್ ಟೀ ಕುಡಿದು ತರಗತಿಯಲ್ಲೇ ಸತ್ತರು. ಸಕ್ಕರೆಯಲ್ಲಿ ವಿಷವಿತ್ತು. ಟೀ ಮಾಡಿದ ಆಯಾಳನ್ನು ಪೊಲೀಸರು ಹಿಡಿದರು. ಅವಳ ಮಗಳು ಅಜ್ಜನ ಹತ್ತಿರ ಓಡಿಬಂದಳು.

"ನಮ್ಮಮ್ಮ ಇರುವೆನೂ ಕೊಲ್ಲೋಳಲ್ಲ, ಅಜ್ಜ!"

"ಇರುವೆ ವಿಷ್ಯ ಬಿಡವ್ವ. ಸಕ್ಕರೆ ಎಲ್ಲಿತ್ತು?"

ಉತ್ತರಿಸಿದವನು ನಾನು. ಎಣಿಸಬಹುದಾದ, ಎಣಿಸಲಾಗದ ನಾಮಪದಗಳನ್ನು ಟೀಚರ್ ವಸ್ತು ತೋರಿಸಿಯೇ ಕಲಿಸುತ್ತಿದ್ದರು. ತಟ್ಟೆಯಲ್ಲಿ ಗುಂಡಿ, ಮೊಳೆ: ಒಂದು, ಎರಡು ಎಂದು ಎಣಿಸಿ. ಒಂದೇ ತರದ ಮೂರು ಸೀಸೆಗಳಲ್ಲಿ ಉಪ್ಪು, ಸಕ್ಕರೆ, ಸೋಡಾಪುಡಿ: ಎಣಿಸಬೇಡಿ, ಚಮಚದಲ್ಲಿ ಅಳೆಯಿರಿ. ಲೇಬಲ್ ಇರಲಿಲ್ಲ, ಹೆಸರು ನಾವೇ ಹೇಳಬೇಕಿತ್ತು. ಪಾಠ ಮುಗಿದರೆ ಅದೇ ಸಕ್ಕರೆ ಅವರ ಟೀಗೆ. ನಡುವಿನದು ಸಕ್ಕರೆ ಎಂಬುದು ತರಗತಿಗೆಲ್ಲ ಬಾಯಿಪಾಠ.

ಆ ಸೀಸೆಗಳನ್ನಿಡುತ್ತಿದ್ದ ತರಗತಿಯ ಬೀರುವಿನ ಬೀಗವನ್ನು ಅಜ್ಜ ಬಿಚ್ಚಿ ನೋಡಿದರು. "ಒಡೆದಿಲ್ಲ, ಕೆದಕಿಲ್ಲ. ಕೀಲಿ ಹಾಕೇ ತೆಗೆದಿದ್ದಾರೆ."

ಕೀಲಿ ಇದ್ದದ್ದು ಎರಡೇ. ಒಂದು ಆಯಾಳ ಬಳಿ, ಇನ್ನೊಂದು ಟೀಚರ ತಮ್ಮನ ಬಳಿ. ಅವನು ಶಾಲೆಯ ಕಚೇರಿ ನೋಡಿಕೊಳ್ಳುವವನು, ಒಂದು ದಿನವೂ ಪಾಠಕ್ಕೆ ಕೂತವನಲ್ಲ. ಉಳಿದೆರಡು ಸೀಸೆಗಳನ್ನೂ ಪರೀಕ್ಷಿಸುವಂತೆ ಅಜ್ಜ ಇನ್ಸ್‌ಪೆಕ್ಟರನ್ನು ಒಪ್ಪಿಸಿದರು.

ಮೂರನೇ ದಿನ ಎಲ್ಲರೂ ಆ ಕೋಣೆಯಲ್ಲಿ ಸೇರಿದರು. ಮೇಜಿನ ಮೇಲೆ ಹಾಗೆಯೇ ಜೋಡಿಸಿದ ಮೂರು ಹೊಸ ಸೀಸೆ.

"ಸಕ್ಕರೆ ಯಾವುದು ತಾಯಿ?" ಅಜ್ಜ ಕೇಳಿದರು.

ಆಯಾ ಅಳುತ್ತಲೇ ನಡುವಿನದನ್ನು ಮುಟ್ಟಿದಳು.

"ನೀವು ಹೇಳಿ ಸ್ವಾಮಿ."

"ನಂಗೇನ್ರೀ ಗೊತ್ತು? ಮೂರೂ ಬೆಳ್ಳಗೇ ಇವೆ!" ತಮ್ಮ ರೇಗಿದ.

"ಗೊತ್ತಿರಲಿಲ್ಲ. ವಿಷ ಮುಟ್ಟಿದ ಕೈಲಿ ನಾಲಿಗೆಗೆ ಹಾಕಿ ನೋಡೋ ಧೈರ್ಯಾನೂ ಬರಲಿಲ್ಲ. ಅದಕ್ಕೇ ಮೂರಕ್ಕೂ ಬೆರೆಸಿದ್ರಿ."

ಇನ್ಸ್‌ಪೆಕ್ಟರ್ ವರದಿ ಓದಿದರು. ಮೂರರಲ್ಲೂ ವಿಷ.

"ಇವಳೇ ಬೇಕಂತ ಹಾಗೆ ಮಾಡಿರಬಹುದಲ್ಲ?" ತಮ್ಮ ಆಯಾಳತ್ತ ಕೈ ತೋರಿಸಿದ.

"ಬೇಕಂತ ಮಾಡಿದೋಳು ತಪ್ಪಿಸಿಕೊಳ್ಳೋಕೆ 'ಉಳಿದದ್ದನ್ನೂ ನೋಡಿ' ಅಂತ ಬಾಯಿ ಬಿಡ್ತಿದ್ದಳು. ಮೂರು ದಿನ ಲಾಕಪ್ಪಲ್ಲಿದ್ದೂ ಇವಳು ಹೇಳಲಿಲ್ಲ. ಇವಳಿಗೆ ಅದು ಗೊತ್ತೇ ಇರಲಿಲ್ಲ."

ತಮ್ಮ ಬೆಂಚಿನ ಮೇಲೆ ಕುಸಿದ. "ಅಕ್ಕಂಗೆ ತುಂಬಾ ನೋವಾಯ್ತಾ?" ಎಂದಷ್ಟೇ ಕೇಳಿದ.

ನಾನು ಅಂದು ಮುಂದಿನ ಬೆಂಚಿನಲ್ಲಿದ್ದೆ. ಉತ್ತರ ಗೊತ್ತಿತ್ತು. ಆಯಾ ಮಗಳ ಕೈ ಹಿಡಿದು ಮನೆಗೆ ಹೋದಳು. ಯಾಕೆ ಕೊಂದ ಎಂಬುದನ್ನು ಅವನು ಕೋರ್ಟಿನಲ್ಲೂ ಬಾಯಿಬಿಡಲಿಲ್ಲ. ಅಜ್ಜನನ್ನು ಕೇಳಿದೆ, ಅವರಿಗೂ ತಿಳಿಯದು. ನನಗೆ ಗೊತ್ತಿಲ್ಲ.